ರಿಪೋರ್ಟೆಲ್ಲ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ

ನಿಮ್ಮೆಜಮಾನ್ರದ್ದು ನಾಟಕ ಅಂತ ಮಾತ್ರ ಅನ್ಬೇಡ ಕಣಮ್ಮ. ನಿಮ್ಮತ್ತೆ ಅಂದ್ರೆ ಅನ್ಲಿ, ನೀನು ಅನ್ಬೇಡ. ಬೆಳಿಗ್ಗೆ ಕ್ಯಾಬ್ ಬರೋಷ್ಟರಲ್ಲಿ ಮೂರು ಮೂರು ಸಲ ಬಾತ್‌ರೂಮಿಗೆ ಹೋಗಿ ಬರೋದು ಯಾರಿಗೂ ಸುಖ ಅಲ್ಲ. ಕೈ ಒರೆಸ್ಕೊಂಡು ಈ ಕಡೆ ಬಾ, ಕಾಂಪೌಂಡ್ ಮೇಲೆ ಮೊರ ಇಟ್ಕೊಂಡಿದ್ದೀನಿ, ಸೊಪ್ಪು ಬಿಡಿಸ್ತಾ ಮಾತಾಡೋಣ. ನಿನ್ನೆ ನೀನು ಅವರ ಫೈಲ್ ತೋರಿಸಿದಾಗಿಂದ ನನಗೆ ಅದೇ ಯೋಚನೆ. ರಕ್ತ ನಾರ್ಮಲ್, ಸ್ಕ್ಯಾನಿಂಗ್ ನಾರ್ಮಲ್, ಎಂಡೋಸ್ಕೋಪಿ ನಾರ್ಮಲ್. ಹೋದ ಕಡೆಯೆಲ್ಲ ಗ್ಯಾಸಿನ ಮಾತ್ರೆ ಬರ್ಕೊಟ್ಟು ಕಳಿಸಿದ್ದಾರೆ. ಹೊಟ್ಟೆ ಮಾತ್ರ ಇದ್ದ ಹಾಗೇ ಇದೆ. ಪೀಣ್ಯದಲ್ಲಿ ಫ್ಯಾಕ್ಟರಿ ಮೆಡಿಕಲ್ ರೂಮಿನಲ್ಲಿ ನರ್ಸಾಗಿದ್ದಷ್ಟು ಕಾಲ ಇಂಥವರನ್ನ ನೋಡ್ತಾನೇ ಇದ್ದೆ. ನಾನು ಡಾಕ್ಟರಲ್ಲ, ಇದೇ ಕಾಯಿಲೆ ಅಂತ ಹೇಳೋ ಕೆಲಸ ನನ್ನದಲ್ಲ. ಆದ್ರೆ ಮನೆಯವರು ಏನು ಗಮನಿಸಬೇಕು, ಡಾಕ್ಟರ ಮುಂದೆ ಕೂತಾಗ ಏನು ಬಾಯಿಬಿಟ್ಟು ಹೇಳಬೇಕು ಅನ್ನೋದನ್ನ ಹೇಳಬಲ್ಲೆ. ಅದನ್ನ ಹೇಳದೆ ಇರೋದ್ರಿಂದಲೇ ಎಷ್ಟೋ ಜನ ವರ್ಷಗಟ್ಟಲೆ ನರಳ್ತಾರೆ.

ಮೊದಲು ಇದನ್ನ ಕೇಳು ಅವರನ್ನ: ನೋವು ಯಾವಾಗ ಬರುತ್ತೆ, ಯಾವಾಗ ಇಳಿಯುತ್ತೆ? ಜಾಗ ಅಷ್ಟು ಮುಖ್ಯ ಅಲ್ಲ. ಇವತ್ತು ಎಡಗಡೆ ಕೆಳಗಿದ್ರೆ ನಾಳೆ ಹೊಕ್ಕುಳ ಸುತ್ತ ಇರಬಹುದು. ನೋವಿಗೂ ಮೋಷನ್ನಿಗೂ ನಂಟು ಇದೆಯಾ ಅನ್ನೋದನ್ನ ನೋಡಬೇಕು. ಹೊಟ್ಟೆ ಹಿಂಡಿದ ಹಾಗಾಗಿ ಓಡಬೇಕು ಅನ್ನಿಸುತ್ತೆ, ಹೋಗಿ ಬಂದ್ರೆ ಸ್ವಲ್ಪ ಹಗುರ, ಆಮೇಲೆ ಅರ್ಧ ಗಂಟೆಗೆ ಮತ್ತೆ ಅದೇ. ಹೋದ್ರೂ ಪೂರ್ತಿ ಆಗಿಲ್ಲ, ಇನ್ನೂ ಉಳಿದಿದೆ ಅನ್ನೋ ಭಾವನೆ. ಕೆಲವು ಸಲ ಬಿಳಿ ಲೋಳೆ ಬೀಳುತ್ತೆ. ಬೆಳಿಗ್ಗೆ ಸಡಿಲವಾಗಿದ್ದ ಪ್ಯಾಂಟು ಸಂಜೆಗೆ ಬಿಗಿ. ಹೀಗೆಲ್ಲ ಇದೆ ಅಂತೀಯಲ್ಲ, ಇದನ್ನೇ ಡಾಕ್ಟರುಗಳು ಐಬಿಎಸ್, ಅಂದ್ರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಅನ್ನೋದು. ಇದು ಹೊಸ ಕಾಯಿಲೆ ಏನಲ್ಲ. 1978ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮ್ಯಾನಿಂಗ್ ಅನ್ನೋ ಡಾಕ್ಟರು ಮತ್ತು ಅವರ ಜೊತೆಯವರು ಹೊಟ್ಟೆನೋವಿನ ರೋಗಿಗಳನ್ನ ಪ್ರಶ್ನೆ ಕೇಳಿ ಕೇಳಿ ಇದರ ಗುರುತು ಹಿಡಿದಿದ್ರು. ನೋವು ಶುರುವಾದಾಗ ಮೋಷನ್ ತೆಳ್ಳಗಾಗುತ್ತಾ, ಹೆಚ್ಚು ಸಲ ಹೋಗಬೇಕಾಗುತ್ತಾ, ಹೋಗಿ ಬಂದ್ಮೇಲೆ ನೋವು ಇಳಿಯುತ್ತಾ, ಹೊಟ್ಟೆ ಕಣ್ಣಿಗೆ ಕಾಣೋ ಹಾಗೆ ಉಬ್ಬುತ್ತಾ ಅಂತ. ಅವತ್ತಿನ ಆ ಪ್ರಶ್ನೆಗಳೇ ಇವತ್ತಿಗೂ ಕೆಲಸಕ್ಕೆ ಬರ್ತಿವೆ ನೋಡು.

ಆಮೇಲೆ ಬಂದದ್ದು ರೋಮ್ ಮಾನದಂಡ, ಅದರ ನಾಲ್ಕನೇ ಆವೃತ್ತಿ ಬಂದದ್ದು 2016ರಲ್ಲಿ. ಅದರ ಲೆಕ್ಕ ಹೀಗೆ: ಹಿಂದಿನ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದ್ರೂ ಹೊಟ್ಟೆನೋವು ಬಂದಿರಬೇಕು. ಆ ನೋವು ಮೋಷನ್ನಿಗೆ ಹೋಗೋದರ ಜೊತೆ ಸೇರ್ಕೊಂಡಿರಬೇಕು, ಇಲ್ಲ ಎಷ್ಟು ಸಲ ಹೋಗೋದು ಅನ್ನೋದು ಬದಲಾಗಿರಬೇಕು, ಇಲ್ಲ ಮೋಷನ್ನಿನ ರೂಪ ಬದಲಾಗಿರಬೇಕು. ಈ ಮೂರರಲ್ಲಿ ಎರಡು ಸಾಕು. ತೊಂದರೆ ಮೊದಲು ಕಾಣಿಸ್ಕೊಂಡು 6 ತಿಂಗಳಾದ್ರೂ ಆಗಿರಬೇಕು. ಅಂದ್ರೆ ಹೋದ ವಾರ ಮದುವೆ ಊಟ ಮಾಡಿ ಕೆಟ್ಟ ಹೊಟ್ಟೆ ಇದಲ್ಲ. ನಮ್ಮ ಏಷ್ಯಾದ ಕಡೆ ಜನ ನೋವು ಅನ್ನೋದಕ್ಕಿಂತ ಉಬ್ಬರ, ಬಿಗಿ, ಭಾರ ಅನ್ನೋದೇ ಹೆಚ್ಚು ಅಂತ ಇಲ್ಲಿನ ಡಾಕ್ಟರುಗಳಿಗೂ ಗೊತ್ತು. ಹಾಗಾಗಿ ನಿಮ್ಮೆಜಮಾನ್ರು ನೋವಿಲ್ಲ, ಏನೋ ಒಂಥರಾ ಅಂದ್ರೆ ಅದನ್ನೂ ಹಾಗೇ ಹೇಳಲಿ, ಡಾಕ್ಟರೇ ಬಿಡಿಸಿ ಕೇಳ್ತಾರೆ.

ಬ್ರಿಸ್ಟಲ್ ಅಂದ್ನಲ್ಲ, ಅಲ್ಲಿಂದಲೇ 1997ರಲ್ಲಿ ಇನ್ನೊಂದು ಉಪಕಾರ ಆಯ್ತು. ಮೋಷನ್ನಿನ ರೂಪವನ್ನ ಏಳು ಚಿತ್ರದಲ್ಲಿ ಬರೆದು ಕೊಟ್ರು. ಒಂದನೇದು ಗಟ್ಟಿ ಉಂಡೆಗಳು, ಬಿಡಿಬಿಡಿ. ಏಳನೇದು ಬರೀ ನೀರು. ಮೂರು ನಾಲ್ಕು ಸರಿಯಾದದ್ದು. ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ನಂಬರ್ ಹೇಳಿದ್ರೆ ಮುಗೀತು. ನಮ್ಮ ಮೆಡಿಕಲ್ ರೂಮಿನ ಗೋಡೆ ಮೇಲೆ ಆ ಚಿತ್ರ ಅಂಟಿಸಿದ್ದೆ. ಮೊದಮೊದಲು ಹುಡುಗರು ಮುಖ ಆ ಕಡೆ ತಿರುಗಿಸ್ತಿದ್ರು, ಆಮೇಲೆ ಒಳಗೆ ಬರ್ತಾನೇ ‘ಸಿಸ್ಟರ್, ಆರು’ ಅನ್ನೋರು. ಆ ಒಂದು ಮಾತಲ್ಲಿ ನನಗೆ ಬೇಕಾದ್ದು ಸಿಗ್ತಿತ್ತು. ಒಂದು ಎರಡು ಹೆಚ್ಚಿದ್ರೆ ಮಲಬದ್ಧತೆ ಕಡೆಯ ಐಬಿಎಸ್, ಆರು ಏಳು ಹೆಚ್ಚಿದ್ರೆ ಭೇದಿ ಕಡೆಯದು, ನಾಲ್ಕು ದಿನ ಅದು ನಾಲ್ಕು ದಿನ ಇದು ಅಂದ್ರೆ ಎರಡೂ ಬೆರೆತದ್ದು. ಔಷಧಿ ಬೇರೆ ಬೇರೆ, ಅದಕ್ಕೇ ಈ ವಿಂಗಡಣೆ. ಒಬ್ಬರಿಗೆ ಕೊಟ್ಟ ಮಾತ್ರೆ ಇನ್ನೊಬ್ಬರು ತಗೊಂಡ್ರೆ ಇದ್ದದ್ದೂ ಹದಗೆಡುತ್ತೆ.

ರಿಪೋರ್ಟು ನಾರ್ಮಲ್ ಇದ್ದು ನೋವು ಹೇಗೆ ನಿಜ ಆಗುತ್ತೆ ಅಂತ ಕೇಳ್ತಿದ್ದೀಯ. ಸರಿಯಾದ ಪ್ರಶ್ನೆ. ಸ್ಕ್ಯಾನಿಂಗ್‌ನಲ್ಲಿ ಕಾಣೋದು ಅಂಗದ ಆಕಾರ: ಕಲ್ಲಿದೆಯಾ, ಗೆಡ್ಡೆ ಇದೆಯಾ, ಬಾವು ಇದೆಯಾ ಅಂತ. ಕರುಳು ಎಷ್ಟು ಬೇಗ ನೋವು ಅನ್ನುತ್ತೆ ಅನ್ನೋದು ಯಾವ ಸ್ಕ್ಯಾನಿಂಗ್‌ನಲ್ಲೂ ಕಾಣಲ್ಲ. 1973ರಲ್ಲೇ ಇದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ. ದೊಡ್ಡ ಕರುಳಿನ ಒಳಗೆ ಸಣ್ಣ ಬಲೂನು ಇಟ್ಟು ಗಾಳಿ ತುಂಬಿಸಿದ್ರೆ ಬೇರೆಯವರಲ್ಲಿ ಹೆಚ್ಚಿನವರಿಗೆ ನೋವಾಗದಷ್ಟು ಗಾಳಿಗೇ ಈ ಕಾಯಿಲೆಯವರಲ್ಲಿ ಎಷ್ಟೋ ಜನರಿಗೆ ನೋವು ಬರ್ತಿತ್ತು. ಬಿಸಿಲಿಗೆ ಸುಟ್ಟ ಚರ್ಮಕ್ಕೆ ಬೆಚ್ಚನೆ ನೀರು ತಾಗಿದ್ರೂ ಕುದಿಯೋ ನೀರು ಬಿದ್ದ ಹಾಗಾಗುತ್ತಲ್ಲ, ಹಾಗೆ. ನೀರು ಬೆಚ್ಚಗೇ ಇದೆ, ಉರಿಯೂ ನಿಜ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಮೆದುಳಿನ ಅಪ್ಪಣೆಗೆ ಕಾಯದೆ ತಾವೇ ಕೆಲಸ ನಡೆಸೋಷ್ಟು ಶಕ್ತಿ ಅವಕ್ಕಿದೆ. ಮೆದುಳಿನ ಜೊತೆ ಮಾತುಕತೆಯೂ ಸದಾ ನಡೀತಿರುತ್ತೆ. ಸೆರೊಟೋನಿನ್ ಅಂತ ಕೇಳಿರಬಹುದು ನೀನು, ಮನಸ್ಸಿನ ಕಾಯಿಲೆ ವಿಷಯ ಬಂದಾಗ ಹೇಳ್ತಾರೆ. ಮೈಯಲ್ಲಿರೋ ಸೆರೊಟೋನಿನ್ನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಇರೋದು ಕರುಳಿನಲ್ಲಿ. ಆ ಮಾತುಕತೆ ಎಡವಟ್ಟಾದಾಗ ಮಾಮೂಲಿ ಗ್ಯಾಸು, ಮಾಮೂಲಿ ಊಟವೇ ನೋವಾಗಿ ಮೇಲೆ ಹೋಗುತ್ತೆ. ಕರುಳಿನ ಓಟವೂ ತಪ್ಪುತ್ತೆ. ಇದರಲ್ಲಿ ನಾಟಕ ಎಲ್ಲಿದೆ ಹೇಳು.

ಯಾವಾಗ ಶುರುವಾಯ್ತು ಅಂತ ನೆನಪು ಮಾಡ್ಕೊಳ್ಳೋಕೆ ಹೇಳು. ವಾಂತಿಭೇದಿ ಆಗಿ ಡ್ರಿಪ್ಸ್ ಹಾಕಿಸಿದ್ವಿ, ಆಮೇಲಿಂದ ಹೊಟ್ಟೆ ಮೊದಲಿನ ಹಾಗಾಗಲೇ ಇಲ್ಲ ಅಂತ ನೀನೇ ಒಂದ್ಸಲ ಅಂದಿದ್ದೆ. ಇದನ್ನ ಯಾವ ಡಾಕ್ಟರ ಹತ್ರವೂ ಹೇಳಿಲ್ಲ ಅಲ್ವಾ? ಅದೇ ದೊಡ್ಡ ಸುಳಿವು. ಹೊಟ್ಟೆಯ ಸೋಂಕು ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಸೋಂಕು ಹೋದ ಮೇಲೂ ಐಬಿಎಸ್ ಉಳ್ಕೊಳ್ಳುತ್ತೆ. ಕೆನಡಾದ ವಾಕರ್ಟನ್ ಅನ್ನೋ ಊರಲ್ಲಿ 2000ನೇ ಇಸವಿ ಮೇ ತಿಂಗಳಲ್ಲಿ ಕುಡಿಯೋ ನೀರಿಗೆ ಕೊಳಕು ಸೇರಿ ಸಾವಿರಾರು ಜನ ಹಾಸಿಗೆ ಹಿಡಿದ್ರು, ಸಾವೂ ಆಯ್ತು. ಆಮೇಲೆ ಆ ಊರಿನವರನ್ನ ವರ್ಷಗಟ್ಟಲೆ ಗಮನಿಸ್ತಾ ಬಂದ್ರು. ಸೋಂಕು ತಗಲಿದ್ದವರಲ್ಲಿ ಎಷ್ಟೋ ಜನರಿಗೆ ಎಂಟು ವರ್ಷ ಆದ್ರೂ ಹೊಟ್ಟೆ ಸರಿಹೋಗಿರಲಿಲ್ಲ. ನನ್ನ ತಂಗಿ ಮಗ ವೈಟ್‌ಫೀಲ್ಡಿನ ಪಿಜಿಯಲ್ಲಿದ್ದಾನಲ್ಲ, 2024ರ ಮಾರ್ಚಿನಲ್ಲಿ ಆ ಕಡೆಯೆಲ್ಲ ಬೋರು ಬತ್ತಿ ಟ್ಯಾಂಕರಿಗೆ ಕ್ಯೂ ನಿಂತಿತ್ತಲ್ಲ, ಆಗ ಅವನಿಗೆ ಹೊಟ್ಟೆ ಕೆಟ್ಟಿತ್ತು. ನೀರಿನಿಂದಲೇ ಅಂತ ನಾನು ಹೇಳಲ್ಲ, ಹೊರಗಡೆ ತಿಂದಿದ್ದೂ ಇರಬಹುದು. ಒಂದು ವಾರಕ್ಕೆ ಜ್ವರ ಭೇದಿ ನಿಂತ್ವು, ಉಬ್ಬರ ಮತ್ತೆ ಬೆಳಗಿನ ಓಟ ನಿಲ್ಲಲಿಲ್ಲ. ಅದಕ್ಕೇ ಈ ಬೇಸಿಗೆಯಲ್ಲಿ ಕಾಯಿಸಿದ ನೀರೇ ಕುಡೀರಿ ಅಂತ ನಾನು ಬೀದಿಯವರಿಗೆಲ್ಲ ಬೈದು ಹೇಳೋದು.

ಟೆನ್ಷನ್ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋದು ನನಗೆ ಹಿಡಿಸಲ್ಲ. ಹಾಗಂತ ಟೆನ್ಷನ್ನಿಗೂ ಹೊಟ್ಟೆಗೂ ಸಂಬಂಧವೇ ಇಲ್ಲ ಅಂದ್ರೆ ಅದೂ ಸುಳ್ಳು. ಭಾನುವಾರ ಊರಿಗೆ ಹೋದಾಗ ಹೊಟ್ಟೆ ಸುಮ್ಮನಿರುತ್ತೆ, ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡ ತಕ್ಷಣ ಗುಡುಗುಡು ಶುರು ಅಂತೀಯಲ್ಲ, ಅದೂ ನಿಜವೇ. ತಿಂಡಿ ತಿಂದ ಮೇಲೆ ದೊಡ್ಡ ಕರುಳು ಚುರುಕಾಗೋದು ಎಲ್ಲರಿಗೂ ಸಹಜ, ಬೆಳಿಗ್ಗೆ ಇನ್ನೂ ಜೋರು, ಕಾಫಿ ಕುಡಿದ್ರೆ ಮತ್ತಷ್ಟು. ಈ ಕಾಯಿಲೆಯವರಿಗೆ ಅದೇ ಅತಿಯಾಗುತ್ತೆ. ಅದೇ ಹೊತ್ತಿಗೆ ಕ್ಯಾಬು. ಮೊದಲು ನಿಮ್ಮೆಜಮಾನ್ರು ಎಲೆಕ್ಟ್ರಾನಿಕ್ ಸಿಟಿಯಿಂದ ಆಚೆ ಕ್ಲೈಂಟ್ ಆಫೀಸಿಗೆ ಹೋಗ್ತಿದ್ರಲ್ಲ, ಸಿಲ್ಕ್ ಬೋರ್ಡ್ ಕಡೆಗೆ. 2010ರಲ್ಲಿ ಆ ದಾರಿಯ ಎತ್ತರದ ರಸ್ತೆ ತೆರೆದಾಗ ನಮಗೆಲ್ಲ ಖುಷಿಯೇ ಖುಷಿ. ಆದ್ರೆ ಹೊಟ್ಟೆ ಹೀಗಿರೋರಿಗೆ ಅದರ ಮೇಲೆ ಹತ್ತಿದ್ರೆ ಇಳಿಯೋ ತನಕ ಜೀವ ಬಾಯಿಗೆ ಬರುತ್ತೆ, ಜಾಮ್ ಆದ್ರೆ ಇಳಿಯೋಕೂ ಇಲ್ಲ ಹೋಗೋಕೂ ಇಲ್ಲ. ಆ ಭಯ ಒಂದ್ಸಲ ಕೂತ್ಕೊಂಡ್ರೆ ಭಯವೇ ಕರುಳನ್ನ ಕೆದಕುತ್ತೆ, ಕೆದಕಿದ ಕರುಳು ಭಯಾನ ಹೆಚ್ಚಿಸುತ್ತೆ. ತಿಂಡಿ ಬಿಟ್ಟು ಹೋಗೋದು, ಗೊತ್ತಿರೋ ಹೋಟೆಲ್ ಇರೋ ದಾರೀಲೇ ಹೋಗೋದು, ಟೀಮಿನವರು ಟ್ರಿಪ್ಪಿಗೆ ಕರೆದ್ರೆ ಏನಾದ್ರೂ ನೆಪ ಹೇಳೋದು. ಇದನ್ನೆಲ್ಲ ಮಾಡ್ತಿದ್ದಾರೆ ಅಂದ್ರೆ ಕಾಯಿಲೆ ಅವರ ದಿನವನ್ನ ಎಷ್ಟು ತಿಂದಿದೆ ಅಂತ ನೀನು ತಿಳ್ಕೋಬೇಕು. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಬಂದ ಮೇಲೆ ನನ್ನ ಪರಿಚಯದವರೊಬ್ಬರು ಕ್ಯಾಬ್ ಬಿಟ್ಟು ಅದರಲ್ಲೇ ಹೋಗ್ತಾರೆ. ಬೇಕಾದ ಸ್ಟೇಷನ್ನಿನಲ್ಲಿ ಇಳೀಬಹುದು ಅನ್ನೋ ಧೈರ್ಯ ಒಂದೇ ಸಾಕಾಯ್ತಂತೆ, ಬೆಳಗಿನ ಓಟ ಕಡಿಮೆಯಾಗಿದೆಯಂತೆ.

ಪಾಳಿ ಕೆಲಸದ್ದು ಇನ್ನೊಂದು ಕಥೆ. ಪೀಣ್ಯದಲ್ಲಿ ಒಂದು ವಾರ ಬೆಳಿಗ್ಗೆ ಆರಕ್ಕೆ, ಮುಂದಿನ ವಾರ ಮಧ್ಯಾಹ್ನ ಎರಡಕ್ಕೆ, ಅದರ ಮುಂದಿನ ವಾರ ರಾತ್ರಿ ಹತ್ತಕ್ಕೆ. ಕರುಳಿಗೂ ಹಗಲು ರಾತ್ರಿಯ ಗಡಿಯಾರ ಇದೆ ಕಣಮ್ಮ. ರಾತ್ರಿ ಅದು ವಿಶ್ರಾಂತಿಗೆ ಹೋಗುತ್ತೆ. ಆ ಹೊತ್ತಲ್ಲಿ ಕ್ಯಾಂಟೀನಿನ ಅನ್ನ ಸಾಂಬಾರು ತುಂಬಿಸಿ, ಬೆಳಿಗ್ಗೆ ನಿದ್ದೆ ಮಾಡಿಸಿ, ಮುಂದಿನ ವಾರ ಮತ್ತೆ ಉಲ್ಟಾ ಮಾಡಿದ್ರೆ ಅದು ಯಾವ ಹೊತ್ತಿಗೆ ಕೆಲಸ ಮಾಡಬೇಕು? ಅಮೆರಿಕದ ನರ್ಸುಗಳ ಮೇಲೆ 2010ರಲ್ಲಿ ಒಂದು ಅಧ್ಯಯನ ಬಂತು, ಪಾಳಿ ಬದಲಾಗ್ತಾ ಇರೋ ನರ್ಸುಗಳಲ್ಲಿ ಹಗಲಷ್ಟೇ ಕೆಲಸ ಮಾಡೋರಿಗಿಂತ ಐಬಿಎಸ್ ಹೆಚ್ಚು ಅಂತ. ನನ್ನ ಜೊತೆಯವರನ್ನ ನೋಡಿದ್ರೆ ನನಗೆ ಅದರಲ್ಲಿ ಆಶ್ಚರ್ಯ ಏನಿಲ್ಲ. ಇದಕ್ಕಿಂತ ಹೊಟ್ಟೆ ಉರಿಯೋದು ಹೊಲಿಗೆ ಲೈನಿನ ಹೆಣ್ಮಕ್ಕಳನ್ನ ನೋಡಿದಾಗ. ಎದ್ದು ಹೋದ್ರೆ ಪ್ರೊಡಕ್ಷನ್ ಬೀಳುತ್ತೆ, ಸೂಪರ್‌ವೈಸರ್ ಕೂಗ್ತಾರೆ ಅಂತ ನೀರೇ ಕುಡಿಯಲ್ಲ, ಬಂದದ್ದನ್ನ ತಡ್ಕೋತಾರೆ. ದಿನಾ ತಡೆದ್ರೆ ಮಲಬದ್ಧತೆ, ಮಲಬದ್ಧತೆಯಿಂದ ನೋವು ಉಬ್ಬರ. ನಾನು ಕೆಲಸದಲ್ಲಿದ್ದಾಗ ನಡೀತಿದ್ದ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು, ಕೆಲಸಗಾರರು ಫ್ಯಾಕ್ಟರಿಯಲ್ಲಿ ಇರೋ ಹೊತ್ತೆಲ್ಲ ಶೌಚಾಲಯ ಅವರಿಗೆ ಸಿಗೋ ಹಾಗಿರಬೇಕು, 5 ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ ದುಡಿಸಬಾರದು ಅಂತ. ಯಾರ ದಯೆಯ ಮಾತೂ ಅಲ್ಲ ಅದು, ಹಕ್ಕು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈ ಕಾಯಿಲೆಗೆ ಬರೋರಲ್ಲಿ ಗಂಡಸರೇ ಹೆಚ್ಚು, ಪಶ್ಚಿಮದ ದೇಶಗಳಲ್ಲಿ ಹೆಂಗಸರು ಹೆಚ್ಚು. ಇಲ್ಲಿ ಹೆಂಗಸರಿಗೆ ಬರಲ್ಲ ಅಂತ ನಾನು ನಂಬಲ್ಲ. ಅವರು ಹೇಳಲ್ಲ, ಹೇಳಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಇರಲ್ಲ.

ಸ್ವಲ್ಪ ಇರು, ಈ ಬಲಿತ ಕಾಂಡ ಆ ಕಡೆ ಹಾಕು. ಈಗ ಹೇಳೋದನ್ನ ಮಾತ್ರ ಗಟ್ಟಿಯಾಗಿ ಮನಸ್ಸಲ್ಲಿ ಇಟ್ಕೋ. ಮೋಷನ್ನಲ್ಲಿ ರಕ್ತ ಬಂದ್ರೆ, ಕಪ್ಪಗೆ ಟಾರಿನ ಹಾಗೆ ಹೋದ್ರೆ, ಅದು ಐಬಿಎಸ್ ಅಲ್ಲ. ಡಯೆಟ್ ಏನೂ ಮಾಡದೆ ತೂಕ ಇಳಿದ್ರೆ ಅಲ್ಲ. ರಾತ್ರಿ ಗಾಢ ನಿದ್ದೆಯಿಂದ ನೋವೋ ಭೇದಿಯೋ ಎಬ್ಬಿಸಿದ್ರೆ ಎಚ್ಚರ ಆಗಬೇಕು. ಐಬಿಎಸ್ ಸಾಮಾನ್ಯವಾಗಿ ಮಲಗಿದವರನ್ನ ಎಬ್ಬಿಸಲ್ಲ, ಎದ್ದ ಮೇಲೆ ಕಾಡುತ್ತೆ. ಬಿಟ್ಟು ಬಿಟ್ಟು ಜ್ವರ, ಹಿಮೋಗ್ಲೋಬಿನ್ ಇಳಿಯೋದು, ಹೊಟ್ಟೆಯಲ್ಲಿ ಗಂಟು ಕೈಗೆ ಸಿಗೋದು, ವಾಂತಿ ನಿಲ್ಲದೆ ಇರೋದು, ಮನೆಯಲ್ಲಿ ಹತ್ತಿರದವರಿಗೆ ಕರುಳಿನ ಕ್ಯಾನ್ಸರ್ ಆಗಿರೋದು, ಇವೆಲ್ಲ ಬೇರೆ ದಾರಿ ತೋರಿಸ್ತವೆ. ನಮ್ಮ ದೇಶದಲ್ಲಿ ಕರುಳಿನ ಟಿಬಿ ಇನ್ನೂ ಇದೆ, ಅದನ್ನ ಮರೀಬಾರದು. 45, 50 ದಾಟಿದ ಮೇಲೆ ಮೊದಲ ಸಲ ಹೊಟ್ಟೆಯ ಕ್ರಮ ಬದಲಾದ್ರೆ ಅದನ್ನ ಐಬಿಎಸ್ ಅಂತ ಕೂರಬಾರದು, ಕೊಲೊನೋಸ್ಕೋಪಿ ಆಗಲೇಬೇಕು. ನಿಮ್ಮತ್ತೆ ವಯಸ್ಸಿನ ಹೆಂಗಸರಿಗೆ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾಗಿ ದಿನಾ ಇದ್ರೆ ಅಂಡಾಶಯದ ಪರೀಕ್ಷೆ ಮಾಡಿಸಬೇಕು. ಎದೆ ಬಿಗಿದು, ತಣ್ಣಗೆ ಬೆವರಿ, ಎಡಗೈಗೋ ದವಡೆಗೋ ನೋವು ಇಳಿದ್ರೆ ಗ್ಯಾಸ್ ಅಂತ ಸೋಡಾ ಕುಡಿಸದೆ ನೇರ ಎಮರ್ಜೆನ್ಸಿಗೆ ಓಡಬೇಕು. ಫ್ಯಾಕ್ಟರಿಯಲ್ಲಿ ಒಬ್ಬರು ಪೈಲ್ಸ್ ಅಂತ ಒಂದು ವರ್ಷ ಮುಲಾಮು ಹಚ್ಕೊಂಡು ರಕ್ತಾನ ಬಚ್ಚಿಟ್ಟಿದ್ರು. ದಿನದಿಂದ ದಿನಕ್ಕೆ ಬಿಳಿಚಿಕೊಂಡಿದ್ದು ನೋಡಿ ನಾನೇ ಹಿಡಿದು ಕೂರಿಸಿ ಕೇಳಿದ್ದು. ಪರೀಕ್ಷೆ ಮಾಡಿಸಿದ್ರೆ ಅಲ್ಸರೇಟಿವ್ ಕೊಲೈಟಿಸ್, ಕರುಳೆಲ್ಲ ಹುಣ್ಣು. ಬೇರೆ ಕಾಯಿಲೆ, ಬೇರೆ ಔಷಧಿ. ಈಗ ಚೆನ್ನಾಗಿದ್ದಾರೆ.

ನಿಮ್ಮೆಜಮಾನ್ರಿಗೆ ಇದ್ಯಾವುದೂ ಇಲ್ಲ, ವಯಸ್ಸು ಮೂವತ್ತೆರಡು, ತೂಕ ಇದ್ದ ಹಾಗೇ ಇದೆ. ಹಾಗಿದ್ರೆ ಡಾಕ್ಟರು ಕೆಲವೇ ಪರೀಕ್ಷೆ ನೋಡ್ತಾರೆ: ರಕ್ತದ ಎಣಿಕೆ, ಥೈರಾಯ್ಡ್, ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆ ಇದೆಯಾ ಅಂತ ಒಂದು ರಕ್ತಪರೀಕ್ಷೆ, ಮೋಷನ್ ಪರೀಕ್ಷೆ. ಮೋಷನ್ನಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅಂತ ನೋಡಿದ್ರೆ ಕರುಳಲ್ಲಿ ಉರಿಯೂತ ಇದೆಯಾ ಇಲ್ವಾ ಅಂತ ಒಂದು ಅಂದಾಜು ಸಿಗುತ್ತೆ. ಅಷ್ಟು ಸರಿ ಇದ್ದು, ನಾನು ಮೊದಲು ಹೇಳಿದ ಗುರುತು ಕೂಡಿ ಬಂದ್ರೆ ಐಬಿಎಸ್ ಅಂತ ಧೈರ್ಯವಾಗಿ ಹೇಳಬಹುದು. ಏನೂ ಸಿಗಲಿಲ್ಲ ಅಂತ ಹೇಳೋ ಹೆಸರಲ್ಲ ಅದು. ಲಕ್ಷಣ ನೋಡಿ ಹಿಡಿಯೋ ಕಾಯಿಲೆ. ಅದಕ್ಕೇ ಇನ್ನೊಂದು ಸ್ಕ್ಯಾನಿಂಗ್, ಇನ್ನೊಂದು ಮಾಸ್ಟರ್ ಚೆಕಪ್ ಅಂತ ದುಡ್ಡು ಸುರೀಬೇಡಿ. ಪೀಣ್ಯದವರಿಗೆ ಇಎಸ್‌ಐ ಕಾರ್ಡಿದೆ, ಅಲ್ಲೇ ಇಎಸ್‌ಐ ಆಸ್ಪತ್ರೆಯೂ ಇದೆ. ನಮ್ಮ ಈ ಕಡೆಯವರಿಗೆ ಸೇಂಟ್ ಜಾನ್ಸ್ ಹತ್ತಿರ. ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ಕರುಳಿನ ಕಾಯಿಲೆಗಳ ಸಂಸ್ಥೆ ಇದೆ. ಎಲ್ಲಿಗಾದ್ರೂ ಹೋಗಿ, ಆದ್ರೆ ಒಬ್ಬರೇ ಡಾಕ್ಟರ ಹತ್ರ ನಾಲ್ಕು ತಿಂಗಳು ನಿಲ್ಲಿ. ವಾರಕ್ಕೊಂದು ಕ್ಲಿನಿಕ್ ಬದಲಾಯಿಸಿದ್ರೆ ಪ್ರತಿಯೊಬ್ಬರೂ ಮೊದಲಿಂದಲೇ ಶುರು ಮಾಡ್ತಾರೆ.

ಮೆಡಿಕಲ್ ಶಾಪಿನವರನ್ನ ಕೇಳಿ ಮಾತ್ರೆ ನುಂಗೋದು ಮೊದಲು ನಿಲ್ಲಬೇಕು. ಹೊಟ್ಟೆ ನೋವು, ಲೋಳೆ ಅಂದ ತಕ್ಷಣ ಆಮಶಂಕೆ ಅಂತ ಮೆಟ್ರೊನಿಡಜೋಲ್ ಕೊಡ್ತಾರೆ. ಪರೀಕ್ಷೆಯಲ್ಲಿ ಅಮೀಬಾ ಕಂಡ್ರೆ ಅದು ಸರಿಯಾದ ಔಷಧಿ. ಕಾಣದೆ ತಿಂಗಳಿಗೊಂದು ಕೋರ್ಸ್ ತಗೊಂಡ್ರೆ ಕರುಳಲ್ಲಿರೋ ಒಳ್ಳೇ ಸೂಕ್ಷ್ಮಜೀವಿಗಳೂ ಹೋಗ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗೋ ಆ ಆಸಿಡ್ ಮಾತ್ರೆ ಜಠರದ ಆಮ್ಲಕ್ಕೆ ಮಾತ್ರ, ದೊಡ್ಡ ಕರುಳಿನ ಈ ಗಲಾಟೆಗೆ ಅದರಿಂದ ಏನೂ ಆಗಲ್ಲ.

ಊಟದ ವಿಷಯಕ್ಕೆ ಬಾ, ನಿನ್ನ ಕೈಯಲ್ಲಿರೋದು ಅದೇ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಮೊನಾಶ್ ಅಂತ ವಿಶ್ವವಿದ್ಯಾಲಯ ಇದೆ, ಅಲ್ಲಿಯವರು ಈ ಇಪ್ಪತ್ತು ವರ್ಷದಲ್ಲಿ ಯಾವ ಆಹಾರವನ್ನ ಕರುಳು ಪೂರ್ತಿ ಹೀರ್ಕೊಳ್ಳದೆ ಅದು ಹುಳಿತು ಗ್ಯಾಸಾಗುತ್ತೆ, ನೀರನ್ನ ಒಳಗೆಳೆಯುತ್ತೆ ಅಂತ ಒಂದೊಂದೇ ಅಳೆದಿದ್ದಾರೆ. ಫಾಡ್‌ಮ್ಯಾಪ್ ಅಂತಾರೆ ಅದಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹೂಕೋಸು, ಕಡಲೆ, ರಾಜ್ಮಾ, ಹಾಲು, ಸೇಬು, ಮಾವು, ಕಲ್ಲಂಗಡಿ ಆ ಪಟ್ಟಿಯಲ್ಲಿ ಬರ್ತವೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಕೂಡ. ಆಫೀಸಿನಲ್ಲಿ ಸಿಗರೇಟ್ ಬಿಡೋಕೆ ಅಂತ ದಿನವೆಲ್ಲ ಅದನ್ನ ಜಗಿಯೋರು ಇದ್ದಾರೆ, ಅದರಲ್ಲಿರೋ ಸೋರ್ಬಿಟಾಲ್ ಭೇದಿ ಮಾಡಿಸುತ್ತೆ. ಈಗ ನಿಮ್ಮೆಜಮಾನ್ರ ದಿನ ನೋಡು: ಬೆಳಿಗ್ಗೆ ದರ್ಶಿನಿಯಲ್ಲಿ ಈರುಳ್ಳಿ ದೋಸೆ, ಜೊತೆಗೆ ಹಾಲು ಹೆಚ್ಚಿರೋ ಕಾಫಿ. ಸಂಜೆ ಕಂಪನಿ ಗೇಟಿನ ಮುಂದೆ ಗೋಬಿ ಮಂಚೂರಿ. ರಾತ್ರಿ ಚಪಾತಿ, ಬೆಳ್ಳುಳ್ಳಿ ಜಾಸ್ತಿ ಹಾಕಿದ ಪಲ್ಯ. ಇದರ ಮೇಲೆ ಅವರೆಕಾಯಿ ಕಾಲ ಬಂದ್ರೆ ನಮ್ಮ ಬೆಂಗಳೂರಿನವರು ಉಪ್ಪಿಟ್ಟು, ಸಾರು, ರೊಟ್ಟಿ, ಎಲ್ಲದಕ್ಕೂ ಅವರೆ.

ಎಲ್ಲವನ್ನೂ ಕಾಯಂ ಆಗಿ ಬಿಡಿಸ್ಬೇಡ. ಅದೇ ಎಲ್ಲರೂ ತಪ್ಪೋ ಜಾಗ. ಪಟ್ಟಿಯಲ್ಲಿರೋದನ್ನ ನಾಲ್ಕರಿಂದ ಆರು ವಾರ ಕಡಿಮೆ ಮಾಡಿ, ಹೊಟ್ಟೆ ಸುಮ್ಮನಾದ್ರೆ ಒಂದೊಂದನ್ನೇ ವಾಪಸ್ ತರಬೇಕು. ಮೊದಲ ವಾರ ಹಾಲು ಒಂದೇ, ಮುಂದಿನ ವಾರ ಗೋಧಿ ಒಂದೇ. ಹಾಗೆ ಮಾಡಿದ್ರೆ ಯಾವುದು ತೊಂದರೆ ಕೊಡ್ತಿದೆ ಅಂತ ಗೊತ್ತಾಗುತ್ತೆ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತೆ. ಜನ್ಮವಿಡೀ ಅನ್ನ ಮೊಸರಲ್ಲೇ ಇದ್ರೆ ಮೈ ಸೊರಗುತ್ತೆ, ಅದು ಯಾವ ಡಾಕ್ಟರೂ ಹೇಳಿದ್ದಲ್ಲ. ಆಸ್ಪತ್ರೆಯಲ್ಲಿ ಡಯೆಟಿಷಿಯನ್ ಇರ್ತಾರೆ, ಅವರ ಜೊತೆ ಕೂತು ನಮ್ಮ ಊಟಕ್ಕೆ ಹೊಂದೋ ಹಾಗೆ ಬರೆಸ್ಕೋ. ಅನ್ನ ಬಹಳ ಜನರಿಗೆ ಒಗ್ಗುತ್ತೆ. ನಮ್ಮ ದಕ್ಷಿಣದವರಲ್ಲಿ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಜೀರ್ಣ ಆಗದೇ ಇರೋರೇ ಜಾಸ್ತಿ. ಹಾಲು ಆಗದಿದ್ರೆ ಮಜ್ಜಿಗೆ ಕೊಟ್ಟು ನೋಡು. ಒಗ್ಗರಣೆಗೆ ಬೆಳ್ಳುಳ್ಳಿ ಬದಲು ಇಂಗು ಹಾಕು, ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಬೆರೆಸಿದ್ದಾರಾ ಅಂತ ಹಿಂದೆ ಬರೆದಿರೋದು ಓದು. ಕಾಳನ್ನ ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸು, ಗ್ಯಾಸ್ ಮಾಡೋ ಅಂಶ ಒಂದಿಷ್ಟು ನೀರಿನ ಜೊತೆ ಹೋಗುತ್ತೆ. ನಾರಿನಂಶ ಬೇಕು ಅಂತ ಗೋಧಿ ಬೂಸಾ ತಿನ್ನಿಸ್ಬೇಡ, ಉಬ್ಬರ ಹೆಚ್ಚಾಗುತ್ತೆ. ಇಸಬ್ಗೋಲ್ ನೀರಲ್ಲಿ ಕರಗಿ ಲೋಳೆಯಾಗೋ ನಾರು, ಗಟ್ಟಿಗೂ ಒಳ್ಳೇದು ಸಡಿಲಕ್ಕೂ ಒಳ್ಳೇದು, ಸ್ವಲ್ಪದರಿಂದ ಶುರು ಮಾಡಿ ನೀರು ಚೆನ್ನಾಗಿ ಕುಡೀಬೇಕು. ಹೊತ್ತಿಗೆ ಸರಿಯಾಗಿ ಊಟ, ಹೊಟ್ಟೆ ಬಿರಿಯೋಷ್ಟಲ್ಲ. ಸಂಜೆ ಒಂದರ್ಧ ಗಂಟೆ ನಡಿಗೆ. ಇಷ್ಟಕ್ಕೇ ಅರ್ಧ ಜನ ಹಗುರ ಆಗಿದ್ದನ್ನ ನಾನು ಕಂಡಿದ್ದೀನಿ.

ಔಷಧಿ ಬೇಕಾದವರಿಗೆ ಇದೆ. ಕರುಳಿನ ಸೆಳೆತ ಬಿಡಿಸೋ ಮಾತ್ರೆ ಇದೆ, ಪುದೀನಾ ಎಣ್ಣೆಯ ಕ್ಯಾಪ್ಸೂಲ್ ಇದೆ. ಅದಕ್ಕೂ ಬಗ್ಗದಿದ್ರೆ ಅಮಿಟ್ರಿಪ್ಟಿಲೀನ್ ಅಂತ ಒಂದು ಹಳೇ ಮಾತ್ರೆಯನ್ನ ಬಹಳ ಸಣ್ಣ ಪ್ರಮಾಣದಲ್ಲಿ ಕೊಡ್ತಾರೆ. ಚೀಟಿಯಲ್ಲಿ ಆ ಹೆಸರು ನೋಡಿ ಗೂಗಲ್ ಮಾಡಿ, ನನ್ನನ್ನ ಹುಚ್ಚ ಅಂದ್ಕೊಂಡ್ರಾ ಅಂತ ಚೀಟಿ ಹರಿದು ಹಾಕಿದವರನ್ನ ನೋಡಿದ್ದೀನಿ. ಮನಸ್ಸಿನ ಖಿನ್ನತೆಗೆ ಕೊಡೋ ಮಾತ್ರೆಯೇ ಅದು, ನಿಜ, ಆದ್ರೆ ಅದಕ್ಕೆ ಕೊಡೋದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣ ಕರುಳಿಂದ ಮೇಲೆ ಹೋಗೋ ನೋವಿನ ಸುದ್ದಿಯನ್ನ ತಗ್ಗಿಸುತ್ತೆ. 2023ರಲ್ಲಿ ಇಂಗ್ಲೆಂಡಿನಲ್ಲಿ 463 ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿದ್ರು, ಸುಮ್ಮನೆ ಹುಸಿ ಮಾತ್ರೆ ತಗೊಂಡವರಿಗಿಂತ ಇದನ್ನ ತಗೊಂಡವರಿಗೆ ಗುಣ ಹೆಚ್ಚು ಕಂಡಿತ್ತು. ಡಾಕ್ಟರು ಬರೆದ್ರೆ ಮಾತ್ರ ತಗೋಬೇಕು, ಬರೆದ್ರೆ ಹೆದರಬಾರದು. ಮಾತಿನ ಚಿಕಿತ್ಸೆಯೂ ಕರುಳಿಗೆ ಕೆಲಸ ಮಾಡುತ್ತೆ. ಮ್ಯಾಂಚೆಸ್ಟರಿನಲ್ಲಿ ವೋರ್ವೆಲ್ ಅನ್ನೋ ಡಾಕ್ಟರು 1984ರಲ್ಲೇ ಹಿಪ್ನೋಸಿಸ್ ಮಾಡಿ ತೋರಿಸಿದ್ರು. ಕೌನ್ಸೆಲಿಂಗ್ ಅಂದ್ರೆ ನಿಮ್ಹಾನ್ಸ್ ಹೆಸರು ಕೇಳಿ ಬೆಚ್ಚಿಬೀಳೋ ಅವಶ್ಯಕತೆ ಇಲ್ಲ.

ಕ್ಯಾನ್ಸರ್ ಆಗುತ್ತಾ ಅಂತ ಅವರು ರಾತ್ರಿಯೆಲ್ಲ ಮೊಬೈಲ್ ನೋಡ್ತಾರೆ ಅಂದ್ಯಲ್ಲ. ಆಗಲ್ಲ. ಐಬಿಎಸ್ ಕ್ಯಾನ್ಸರಿಗೆ ತಿರುಗಲ್ಲ, ಆಯಸ್ಸು ತಿನ್ನಲ್ಲ. ಇದನ್ನ ಡಾಕ್ಟರ ಬಾಯಿಂದ ಕೇಳಿಸು, ಆ ಒಂದು ಮಾತಿಗೇ ಎಷ್ಟೋ ಜನರ ಹೊಟ್ಟೆ ಅರ್ಧ ಸಮಾಧಾನ ಆಗುತ್ತೆ. ಒಂದೇ ಸಲಕ್ಕೆ ಬೇರುಸಹಿತ ಹೋಗುತ್ತೆ ಅಂತ ನಾನು ಆಸೆ ಹುಟ್ಟಿಸಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು, ಆಫೀಸಿನಲ್ಲಿ ರಿಲೀಸೋ ನೈಟ್ ಕಾಲೋ ಬಂದಾಗ ಮತ್ತೆ ತಲೆ ಎತ್ತಬಹುದು. ಏನು ಅಂತ ಗೊತ್ತಿದ್ರೆ ಆಗ ದಿಗಿಲು ಬೀಳಲ್ಲ.

ಈಗ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತಗೋ. ಅಲ್ಲಿ ತನಕ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಅವರೇ ಬರೀಲಿ: ಎಷ್ಟು ಹೊತ್ತಿಗೆ ನೋವು, ಮೋಷನ್ ಎಷ್ಟನೇ ನಂಬರಿನದು, ಏನು ತಿಂದಿದ್ರು, ರಾತ್ರಿ ಎಷ್ಟು ನಿದ್ದೆ. ಆ ಡ್ರಿಪ್ಸ್ ಹಾಕಿಸಿದ ಚೀಟಿ ಹುಡುಕಿ ಫೈಲಿಗೆ ಸೇರಿಸು. ಊಟದ ತಟ್ಟೆ ಮುಂದೆ ಕೂತಾಗ ‘ಇವತ್ತು ಎಷ್ಟು ಸಲ’ ಅಂತ ಕೇಳೋದು ಬೇಡ ಅಂತ ನಿಮ್ಮತ್ತೆಗೆ ನಾನೇ ಹೇಳ್ತೀನಿ, ನನ್ನ ಮಾತು ಕೇಳ್ತಾರೆ ಅವರು. ನಿನ್ನ ಜೊತೆ ಡಾಕ್ಟರ ಹತ್ರ ಬರೋಕೆ ನಿಮ್ಮೆಜಮಾನ್ರಿಗೆ ಸಂಕೋಚ ಆದ್ರೆ ನಮ್ಮನೆಯವರನ್ನ ಕಳಿಸ್ತೀನಿ, ಇಬ್ಬರೂ ಹೋಗಿ ಬರ್ಲಿ. ರಾತ್ರಿ ಡ್ಯೂಟಿ ಮಾಡ್ತಿದ್ದ ಕಾಲದಲ್ಲಿ ಅವರಿಗೂ ಇದೇ ಕಾಯಿಲೆ ಇತ್ತು ಕಣಮ್ಮ, ದಾರೀಲಿ ಅವರೇ ಎಲ್ಲ ಹೇಳ್ತಾರೆ.